ಅಪ್‌ಡೇಟ್: ಮಿಯಾಟಾ ಒಳಗೆ ನೀರು ಬರ್ತಿದ್ದದ್ದು ಟಾಪ್‌ನಿಂದ ಅಲ್ಲ!

ಎರಡು ತಿಂಗಳ ಹಿಂದೆ ಕೇಳಿದ್ದೆ: ಇಲ್ಲಿ ಒಹಾಯೋದಲ್ಲಿ ಮಳೆ ಬಂದಾಗಲೆಲ್ಲ ನನ್ನ 1991ರ ಮಾಜ್ದಾ ಮಿಯಾಟಾದಲ್ಲಿ ಡ್ರೈವರ್ ಸೀಟಿನ ಹಿಂದೆ ಕಾರ್ಪೆಟ್ ಒದ್ದೆಯಾಗುತ್ತೆ, ಮಡಚುವ ಬಟ್ಟೆ ಚಾವಣಿ, ಅಂದರೆ ಟಾಪ್, ಬದಲಾಯಿಸಬೇಕಾ ಅಂತ. ಬೇಕಾಗಲಿಲ್ಲ.

ಡ್ರೈನ್ ನೋಡಿ ಅಂದವರ ಮಾತೇ ಸರಿ. ಟಾಪ್ ಮೇಲೆ ಬಿದ್ದ ನೀರು ಹಿಂದಕ್ಕೆ ಇಳಿದು, ಸೀಟ್‌ಬೆಲ್ಟ್ ಪಕ್ಕ ಎರಡೂ ಕಡೆ ಇರುವ ತೂತಿನಿಂದ ಕಾರಿನ ಕೆಳಗೆ ಹೋಗಬೇಕು. ಇಲ್ಲಿ ಡ್ರೈವರ್ ಕೂರುವ ಎಡಗಡೆಯದು ಪೂರ್ತಿ ಕಟ್ಟಿಕೊಂಡಿತ್ತು. ಮೆತ್ತನೆಯ ಪ್ಲಾಸ್ಟಿಕ್ ಟ್ಯೂಬ್ ಇಳಿಸಿ ಮೆಲ್ಲಗೆ ಆಡಿಸಿದೆ. ಮೊದಲು ಕೊಳೆತ ಮೇಪಲ್ ಎಲೆ, ಆಮೇಲೆ ಕಪ್ಪು ಕೆಸರು, ಕೊನೆಗೆ ಗಳಗಳ ಅಂತ ನೀರು. ದಯವಿಟ್ಟು ತಂತಿ ಹಾಕಬೇಡಿ, ಒಳಗಿನ ಪೈಪ್ ಹರಿದರೆ ಕೆಲಸ ಜಾಸ್ತಿ ಆಗುತ್ತೆ.

ಆದರೆ ನಿಂತ ನೀರು ತನ್ನ ಕೆಲಸ ಮಾಡಿತ್ತು. ಹಿಂದಿನ ಚಕ್ರದ ಮುಂದೆ, ಬಾಗಿಲ ಕೆಳಗಿನ ತಗಡು ಅಂಗೈ ಅಗಲ ತುಕ್ಕು ಹಿಡಿದಿತ್ತು. ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿದೆ. ಈ ಕಾರು ಕೊಳ್ಳುವವರು ಮೊದಲು ಅಲ್ಲೇ ಬೆರಳಿಂದ ಒತ್ತಿ ನೋಡಿ.

ಈಗ ಖುಷಿಯ ವಿಷಯ. ಊರಿಗೆ ಹೋದಾಗ ಚನ್ನಪಟ್ಟಣದಲ್ಲಿ ಹಾಲೆ ಮರದ ಗೇರ್ ನಾಬ್ ಕಡೆಸಿಕೊಂಡು ಬಂದೆ. ಕಡು ಕೆಂಪು ಅರಗು, ನಡುವೆ ಒಂದು ಹಳದಿ ಪಟ್ಟೆ. ಒಳಗೆ ಗೇರ್ ಕಡ್ಡಿಯ ತಿರುಪಿಗೆ ಹೊಂದುವ (ಎಂ10, 1.25 ಪಿಚ್ ಥ್ರೆಡ್) ಹಿತ್ತಾಳೆ ಬುಷ್ ಕೂರಿಸಿದೆ. ಚಳಿಯಲ್ಲೂ ಕೈಗೆ ತಣ್ಣಗೆ ಹತ್ತಲ್ಲ. ಮುಂದಿನ ಕೆಲಸ, ಹಳದಿಯಾದ ಹಿಂದಿನ ಪ್ಲಾಸ್ಟಿಕ್ ಕಿಟಕಿ.