ಚಾರ್ಜ್ ಇರುವ ಕಪ್ಪು ಕುಳಿ ತಿರುಗದಿದ್ದರೆ ಸುತ್ತಲಿನ ಅಲೆ ಯಾಕೆ ಬೆಳೆಯುವುದಿಲ್ಲ?

ಕಾಳಿ_ದಂಡೆ (ಕಾರವಾರ):
ಎಂಎಸ್ಸಿ ಸೆಮಿನಾರಿಗೆ ಕೆರ್-ನ್ಯೂಮನ್ ಕಪ್ಪು ಕುಳಿ (ಅಂದರೆ ತಿರುಗುವ, ಚಾರ್ಜೂ ಇರುವ ಕುಳಿ) ಆರಿಸಿಕೊಂಡು ಸಿಕ್ಕಿಬಿದ್ದಿದ್ದೇನೆ. ತಿರುಗುವ ಕುಳಿಗೆ ಬಡಿದ ಅಲೆ ಕೆಲವೊಮ್ಮೆ ಬಂದದ್ದಕ್ಕಿಂತ ಜೋರಾಗಿ ವಾಪಸ್ ಬರುತ್ತದೆ, ಅದೇ ಸೂಪರ್‌ರೇಡಿಯನ್ಸ್, ಅಷ್ಟು ಅರ್ಥವಾಯಿತು. ಬರೀ ಚಾರ್ಜ್ ಇದ್ದರೂ ಹೀಗಾಗುತ್ತದಂತೆ. ಹಾಗಾದರೆ ತಿರುಗದೆ ಸುಮ್ನೆ ಚಾರ್ಜ್ ಇಟ್ಟುಕೊಂಡು ಕೂತ ಕುಳಿಯ ಸುತ್ತಲೂ ಅಲೆ ಬೆಳೆಯುತ್ತಾ ಹೋಗಬೇಕಲ್ವಾ? ಇಲ್ಲ ಅನ್ನುತ್ತಾರೆ. ಮೂರು ದಿನದಿಂದ ಮಳೆ, ಕರೆಂಟಿಲ್ಲ, ತಲೆಯೂ ಓಡುತ್ತಿಲ್ಲ.

ಶಿರಸಿ_ಮಾಣಿ:
ಬಯಲಾಟದಲ್ಲಿ ಭಾಗವತರು ಪದ ಎತ್ತುವಾಗ ಮೈಕ್ ಕುಂಯ್ ಅನ್ನುತ್ತದಲ್ಲ ಮಾರಾಯಾ, ಅದೇ ಇದು. ಆಂಪ್ಲಿಫೈಯರ್ ಇದೆ ಅಂತ ಮೈಕ್ ಕೂಗುವುದಿಲ್ಲ, ಸ್ಪೀಕರಿನ ಸದ್ದು ತಿರುಗಿ ಮೈಕಿಗೇ ಬೀಳಬೇಕು. ಸೂಪರ್‌ರೇಡಿಯನ್ಸ್ ಆಂಪ್ಲಿಫೈಯರ್ ಮಾತ್ರ. ಬೆಳಕಿನಂಥ ಅಲೆ ಒಮ್ಮೆ ಜೋರಾಗಿ ಹೊರಗೆ ಹೋದರೆ ಕಥೆ ಮುಗೀತು. 1972ರಲ್ಲಿ ಭೌತವಿಜ್ಞಾನಿಗಳಾದ ಪ್ರೆಸ್ ಮತ್ತು ಟ್ಯುಕೋಲ್ಸ್ಕಿ, ಕುಳಿಯ ಸುತ್ತ ಕನ್ನಡಿ ಇಟ್ಟರೆ ಅಲೆ ಸಿಕ್ಕಿಕೊಂಡು ಬೆಳೆಯುತ್ತಲೇ ಹೋಗುತ್ತದೆ ಅಂದರು, ‘ಕಪ್ಪು ಕುಳಿ ಬಾಂಬ್’ ಅಂತ ಹೆಸರೂ ಇಟ್ಟರು. ದ್ರವ್ಯರಾಶಿ ಇರುವ ಕ್ಷೇತ್ರಕ್ಕೆ, ಅಂದರೆ ತೂಕವಿರುವ ಕಣಗಳ ಅಲೆಗೆ, ಬೇರೆ ಕನ್ನಡಿ ಬೇಡ. ಅಲೆಗೆ ದೂರ ಓಡುವಷ್ಟು ಶಕ್ತಿ ಇಲ್ಲದಿದ್ದರೆ ಗುರುತ್ವವೇ ಎಳೆದು ತರುತ್ತದೆ.

ಅಂಕೋಲಾ_ಮೇಷ್ಟ್ರು:
ಮೈಕಿನ ಹೋಲಿಕೆ ಚೆನ್ನಾಗಿದೆ, ಆದರೆ ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ತಿರುಗದ ಕುಳಿ ಅಲೆಯನ್ನು ಜೋರು ಮಾಡಬೇಕಾದರೆ ಅಲೆಯ ಚಾರ್ಜ್ ಕುಳಿಯದ್ದರ ಜಾತಿಯದ್ದೇ ಆಗಿರಬೇಕು, ಅದೂ ಸಾಕಷ್ಟು ಇರಬೇಕು. ಒಂದೇ ಜಾತಿಯ ಚಾರ್ಜ್ ಅಂದಮೇಲೆ ತಳ್ಳಾಟ. ಅಲೆ ಜೋರಾಗುವಷ್ಟು ಚಾರ್ಜ್ ಕೊಟ್ಟರೆ ಆ ತಳ್ಳಾಟ ಗುರುತ್ವವನ್ನು ಮೀರಿಬಿಡುತ್ತದೆ, ಅಲೆ ಸುತ್ತ ನಿಲ್ಲುವುದೇ ಇಲ್ಲ. ನಿಲ್ಲಲಿ ಅಂತ ಚಾರ್ಜ್ ಇಳಿಸಿದರೆ ಜೋರಾಗುವುದಿಲ್ಲ. ಎರಡೂ ಒಟ್ಟಿಗೆ ಸಿಗದು ಅಂತ ಭೌತವಿಜ್ಞಾನಿ ಹೋಡ್ 2012ರ ಆಸುಪಾಸಿನಲ್ಲಿ ತೋರಿಸಿದರು. ನಿಜವಾದ ಕನ್ನಡಿ ಇಟ್ಟರೆ ಮಾತು ಬೇರೆ, ಆಗ ಬರೀ ಚಾರ್ಜ್ ಸಾಕು. ಕುಳಿ ತಿರುಗುತ್ತಿದ್ದರೆ ಜೋರು ಮಾಡುವ ಕೆಲಸವನ್ನು ತಿರುಗುವಿಕೆ ವಹಿಸಿಕೊಳ್ಳುತ್ತದೆ, ಹಾಗಾಗಿ ಕೆರ್-ನ್ಯೂಮನ್‌ನಲ್ಲಿ ಅಲೆ ಬೆಳೆಯಬಲ್ಲದು. ಬೆಳೆದಷ್ಟೂ ಕುಳಿಯ ತಿರುಗುವಿಕೆ ಇಳಿಯುತ್ತದೆ, ಒಂದು ಹಂತದಲ್ಲಿ ಬೆಳವಣಿಗೆ ತಾನೇ ನಿಲ್ಲುತ್ತದೆ. ಎಲೆಕ್ಟ್ರಾನಿಗೆ ಇದನ್ನು ಹಚ್ಚಬೇಡಿ, ಅದು ಫರ್ಮಿಯಾನು ಅನ್ನುವ ಕಣಗಳ ಗುಂಪಿನದ್ದು, ಫರ್ಮಿಯಾನುಗಳಿಗೆ ಸೂಪರ್‌ರೇಡಿಯನ್ಸ್ ಇಲ್ಲ.

ಹೊನ್ನಾವರ_ಬೋಟ್:
ನಿಜದ ಕುಳಿಯಲ್ಲಿ ಹೇಳಿಕೊಳ್ಳುವಷ್ಟು ಚಾರ್ಜ್ ಉಳಿಯುವುದಿಲ್ಲ, ಸುತ್ತಲಿನ ಪ್ಲಾಸ್ಮಾ (ಚಾರ್ಜ್ ಇರುವ ಕಣಗಳ ಬಿಸಿ ಅನಿಲ) ತಟಸ್ಥ ಮಾಡಿಬಿಡುತ್ತದೆ. ಸುಮ್ನೆ ಯಾಕೆ ಈ ಲೆಕ್ಕ?

ಅಂಕೋಲಾ_ಮೇಷ್ಟ್ರು:
ಸರಿ, ಚಾರ್ಜ್ ಬಿಡಿ. ಬರೀ ತಿರುಗುವ ಕುಳಿಗೆ ಭೌತವಿಜ್ಞಾನಿ ಡೋಲನ್ 2007ರಲ್ಲಿ ಮಾಡಿದ ಲೆಕ್ಕ ನೋಡಿ. 10 ಸೂರ್ಯರ ತೂಕದ, ಗರಿಷ್ಠದ 99% ತಿರುಗುವ ಕುಳಿಗೆ ಹೊಂದುವ ಹಗುರ ಕಣ ಇದ್ದರೆ ಅಲೆ ಸುಮಾರು 2.7 ಪಟ್ಟಾಗಲು ಬರೀ ಐದೂವರೆ ನಿಮಿಷ ಸಾಕು. ಆದರೆ ಆ ಕಣ ಎಲೆಕ್ಟ್ರಾನಿಗಿಂತ ಸುಮಾರು ಸಾವಿರ ಕೋಟಿ ಕೋಟಿ ಪಟ್ಟು ಹಗುರ ಇರಬೇಕು. ಅಂಥದ್ದು ಇನ್ನೂ ಯಾರಿಗೂ ಸಿಕ್ಕಿಲ್ಲ. ಹಾಗಾಗಿಯೇ ಜೋರಾಗಿ ತಿರುಗುವ ಕುಳಿಗಳನ್ನು ನೋಡಿ, ಇಂಥ ಕಣ ಇದ್ದಿದ್ದರೆ ಇದು ಇಷ್ಟು ಹೊತ್ತಿಗೆ ನಿಧಾನವಾಗಿರಬೇಕಿತ್ತಲ್ಲ ಅಂತ ಕೇಳುತ್ತಾರೆ.

ಕಾಳಿ_ದಂಡೆ:
ಮೇಷ್ಟ್ರೇ, ತಳ್ಳಾಟದ ಮಾತು ಹೊಳೆದೇ ಇರಲಿಲ್ಲ. ನಾನು ಅಲೆಯ ಚಾರ್ಜಿನ ಚಿಹ್ನೆಯನ್ನೇ ಉಲ್ಟಾ ಹಾಕಿಕೊಂಡಿದ್ದೆ. ಕರೆಂಟ್ ಬಂದಮೇಲೆ ಗ್ರಾಫ್ ಹಾಕುತ್ತೇನೆ, ಒಮ್ಮೆ ನೋಡಿಕೊಡಿ.