ನೀರಿನ ಗ್ರೂಪಿನ್ಯಾಗ ‘ನನ್ನ ಬಗ್ಗೆ ಐದು ಮಾತು’ ಬೇಕಾ, ಬ್ಯಾಡಾ?

ಮಾವಿನಕೆರೆ ದಂಡಿ (ರಾಯಚೂರು)
2022ರ ಮೇ ಕೊನಿಗೆ ನಮ್ಮೂರಾಗ ಕಲುಷಿತ ನೀರು ಕುಡಿದು ಜನ ಸತ್ರಲ್ಲ, ಅದಾದ ಮ್ಯಾಲೆ ನಮ್ಮ ಓಣಿಯವ್ರು ಒಂದು ವಾಟ್ಸ್‌ಆ್ಯಪ್ ಗ್ರೂಪ್ ಮಾಡಿದ್ವಿ. ನಳಕ್ಕ ನೀರು ಯಾವಾಗ ಬಂತು, ಬಣ್ಣ ಹೆಂಗದ, ವಾಸನಿ ಬರ್ತದೇನು, ಎಲ್ಲಾ ಅದರಾಗ ಹಾಕೋದು. ಮೊದಮೊದಲು ಜೋರು ನಡೀತು, ಬರ್ತಾ ಬರ್ತಾ ಮಂದಿ ಸುಮ್ಮನಾದ್ರು. ಈಗ ಓಣಿಯ ಒಬ್ಬ ಹುಡುಗಿ ಹೊಸದೊಂದು ಶುರು ಮಾಡ್ಯಾಳ: ಎಲ್ಲಾರೂ ತಮ್ಮ ಬಗ್ಗೆ ಐದು ಸಣ್ಣ ಸಂಗತಿ ಬರೀಬೇಕು. ಹುಟ್ಟಿದ ದಿನ, ಓದಿದ ಸಾಲಿ, ಮನಿದೇವ್ರು, ಮನ್ಯಾಗ ಕರಿಯೋ ಹೆಸರು, ಮುಂಜಾನಿ ಇಷ್ಟದ ನಾಷ್ಟಾ. ಮಂಡಾಳ (ಮಂಡಕ್ಕಿ) ಒಗ್ಗರಣಿ-ಮಿರ್ಚಿ ಅಂತ ಅರ್ಧ ಓಣಿ ಬರೀತು, ಗ್ರೂಪಿಗೆ ಜೀವ ಬಂತು. ಇಬ್ಬರು ಹಿರಿಯರು ಮಾತ್ರ ಸಿಟ್ಟಾಗಿ ಗ್ರೂಪ್ ಬಿಟ್ರು. ನನಗ ಅನಿಸೋದು, ಇರಲಿ. ಎದುರು ಮನಿಯವ್ರು ಯಾರಂತ ಗೊತ್ತಿಲ್ಲದ ಮಂದಿ ಒಟ್ಟಿಗೆ ಅರ್ಜಿ ಹಿಡ್ಕೊಂಡು ಹೋಗ್ತಾರೇನು? ನೀವೇನಂತೀರಿ?

ಎಡದಂಡೆ ಕೊನೇಭಾಗ (ಮಾನ್ವಿ)
ಅಣ್ಣಾರ, ನಾ ಒಪ್ಪಂಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟಿನ್ಯಾಗ 19ನೇದ್ದು ಕೊಚ್ಚಿಕೊಂಡು ಹೋತು. ಕಾಲುವಿ ಕೊನಿಗಿರೋ ನಮಗ ಒಂದ ಚಿಂತಿ: ಗೇಟ್ ರಿಪೇರಿಗೆ ಡ್ಯಾಮ್ ಎಷ್ಟು ಖಾಲಿ ಮಾಡ್ತಾರ, ನಮ್ಮ ಭತ್ತಕ್ಕ ಏನು ಉಳೀತದ. ರೈತರ ಗ್ರೂಪ್ ತೆಗದ್ರ ಡ್ಯಾಮಿನ ಮುಂದ ನಿಂತ ಹಳೇ ಸೆಲ್ಫಿ, ಯಾರದೋ ಮಗನ ಬರ್ತ್‌ಡೇ ಕೇಕು, ‘ನಾನೂ ಸಣ್ಣಾವಿದ್ದಾಗ ನೋಡೀನಿ’ ಅನ್ನೋ ನೆನಪು. ಅದರ ನಡುವ ಒಬ್ಬ ಪುಣ್ಯಾತ್ಮ ಹಾಕಿದ್ದ ನೀರಿನ ಮಟ್ಟದ ಲೆಕ್ಕ ಮುಳುಗಿ ಹೋಗಿತ್ತು. ಒಂದು ವಾರದಾಗ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರು ಮುಂದ ನಿಂತು ಹರಿಯೋ ನೀರಿನ್ಯಾಗ ಸ್ಟಾಪ್‌ಲಾಗ್ (ಗೇಟಿನ ಬದಲಿಗೆ ನೀರು ತಡೆಯೋ ಉಕ್ಕಿನ ತುಂಡು) ಇಳಿಸಿದ್ರು, ನಮ್ಮ ನೀರು ಉಳೀತು. ಆದ್ರ ಆ ವಾರ ನಿದ್ದಿಗೆಟ್ಟು ಫೋನ್ ಹಿಡ್ಕೊಂಡು ಕುಂತವ್ರಿಗೆ ಕೇಳ್ರಿ. ನೀರಿನ ಗ್ರೂಪಿನ್ಯಾಗ ನೀರಿನ ಸುದ್ದಿ ಅಷ್ಟ ಇರಲಿ.

ಗಂಗಾವತಿ ಟೀಚರ್
ಗದ್ದಲಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ ಸರ್. ನಿಮ್ಮ ಪಟ್ಟಿಯಲ್ಲಿ ‘ಮನೆದೇವರು’ ಇದೆಯಲ್ಲ, ನಮ್ಮ ಕಡೆ ಅದನ್ನು ಕೇಳಿದರೆ ಜಾತಿ ಕೇಳಿದಂತೆಯೇ. ಯಾರೂ ಬಾಯಿಬಿಟ್ಟು ಕೇಳದ್ದನ್ನು ನೀವು ಆಟದ ಹೆಸರಲ್ಲಿ ಬರೆಸಿದಿರಿ. ಚುನಾವಣೆ ಬಂದಾಗ ಆ ಪಟ್ಟಿ ಯಾರ ಕೈಗೆ ಸಿಗುತ್ತದೋ ನೋಡಿ. ನಾನಿದ್ದ ಒಂದು ಬಡಾವಣೆ ಗ್ರೂಪ್ ಹೀಗೇ ಒಡೆದು, ಒಂದೊಂದು ಸಮುದಾಯಕ್ಕೆ ಒಂದೊಂದು ಗ್ರೂಪ್ ಆಯಿತು. ಚರಂಡಿ ಮಾತ್ರ ಎಲ್ಲರ ಮನೆ ಮುಂದೆಯೂ ಅದೇ.

ಇನ್ನೊಂದು ಮಾತು. ನಮ್ಮ ಬೀದಿಯ ಗ್ರೂಪಿನ ಇಂಥದೇ ಆಟದಲ್ಲಿ ಕೆಲಸ ಮಾಡುವ ಶಾಲೆ, ಮಗುವಿನ ಹೆಸರು, ಸಂಜೆ ವಾಕಿಂಗ್ ಹೋಗುವ ಜಾಗ, ಇಷ್ಟನ್ನೇ ನಾನು ಬರೆದಿದ್ದು. ಗೊತ್ತಿಲ್ಲದ ನಂಬರಿಂದ ಮೆಸೇಜ್ ಬರಲು ಶುರುವಾಯಿತು. ಅಡ್ಮಿನ್‌ಗೆ ಹೇಳಿದರೆ ‘ಬ್ಲಾಕ್ ಮಾಡ್ರಿ ಮೇಡಂ’ ಅಂದರು. ನಾನು ಗ್ರೂಪನ್ನೇ ಬಿಟ್ಟೆ. ನಾನು ಹೋದಮೇಲೆ ನಮ್ಮ ಬೀದಿದೀಪದ ವಿಷಯ ಎತ್ತುವವರು ಯಾರೂ ಉಳಿಯಲಿಲ್ಲ. ಪರಿಚಯದ ಆಟದಿಂದ ಜನ ಹತ್ತಿರ ಬರ್ತಾರೆ ಅನ್ನುವಾಗ, ಅದೇ ಆಟದಿಂದ ಯಾರು ಹೊರಗೆ ಹೋಗ್ತಾರೆ ಅಂತಲೂ ಯೋಚಿಸಿ.

ಕೋಟೆ ಕೆಳಗಿನ ಹುಡುಗ (ಬಳ್ಳಾರಿ)
ನಾನು ಕಂಪ್ಯೂಟರ್ ಸೆಂಟರ್ ನಡೆಸ್ತೀನಿ, ದಿನಾ ನೋಡೋ ವಿಷಯ ಇದು. ಆನ್‌ಲೈನಲ್ಲಿ ಇಳಿಸ್ಕೊಳ್ಳೋ ಇ-ಆಧಾರ್ ಫೈಲಿನ ಪಾಸ್‌ವರ್ಡ್ ಏನು ಗೊತ್ತಾ? ಹೆಸರಿನ ಮೊದಲ ನಾಲ್ಕು ಅಕ್ಷರ, ಹುಟ್ಟಿದ ಇಸವಿ. ಇ-ಪ್ಯಾನ್‌ಗೆ ಹುಟ್ಟಿದ ತಾರೀಖೇ ಪಾಸ್‌ವರ್ಡ್. ಖಾತೆಯ ಪಾಸ್‌ವರ್ಡ್ ಮರೆತಾಗ ಕೇಳೋ ಪ್ರಶ್ನೆಗಳಲ್ಲಿ ‘ಮೊದಲು ಓದಿದ ಶಾಲೆ’, ‘ಚಿಕ್ಕಂದಿನ ಅಡ್ಡಹೆಸರು’ ಇರ್ತಾವೆ. ನಿಮ್ಮ ಐದರಲ್ಲಿ ಮೂರು ಇವೇ ಆದ್ವಲ್ಲ ಅಣ್ಣ! ಒಟಿಪಿ ಕೇಳೋ ಕಳ್ಳ ಮೊದಲು ಮನೇಲಿ ಕರೆಯೋ ಹೆಸರು ಹಿಡಿದೇ ಕರೀತಾನೆ, ಅದಕ್ಕೇ ಜನ ನಂಬ್ತಾರೆ. ದುಡ್ಡು ಹೋದ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು ಅನ್ನೋದೂ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಕಾನೂನು ಐತಲ್ಲ ಅಂತೀರೇನೋ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೇ ಬರೆದೈತೆ: ನಾವೇ ಸಾರ್ವಜನಿಕವಾಗಿ ಹಾಕಿಕೊಂಡ ಮಾಹಿತಿಗೆ ಆ ಕಾಯ್ದೆ ಅನ್ವಯ ಆಗಲ್ಲ. ಫೇಸ್‌ಬುಕ್ಕಲ್ಲಿ ಎಲ್ಲರಿಗೂ ಕಾಣೋ ಹಂಗೆ ಹಾಕಿದ್ರೆ ಮುಗೀತು.

ಮಾವಿನಕೆರೆ ದಂಡಿ
ಪಾಸ್‌ವರ್ಡ್ ಮಾತು ಒಪ್ಪಿದೆ ತಮ್ಮಾ, ಹುಟ್ಟಿದ ದಿನ ತಗಸ್ತೀನಿ. ಟೀಚರಮ್ಮ, ಮನಿದೇವ್ರ ಮಾತೂ ಖರೇ ಅದ. ಆದ್ರ ಮುಖ ಇಲ್ಲದ ದೂರಿಗೆ ಯಾರು ಕಿಮ್ಮತ್ತು ಕೊಡ್ತಾರ್ರಿ? ಸರ್ಕಾರಿ ಕಚೇರಿ ಕೌಂಟರ್‌ನಾಗ ಮೊದಲ ಮಾತೇ ‘ನೀ ಯಾರು?’ ಅಂತ.

ಹತ್ತು ರೂಪಾಯಿ ಅರ್ಜಿ (ಸಿಂಧನೂರು)
ಆ ‘ನೀ ಯಾರು’ ಅನ್ನೋ ಪ್ರಶ್ನಿಗೆ ಉತ್ತರ ಕೊಡಬೇಕಾಗಿಲ್ಲ ಅಂತ ಕಾನೂನ ಹೇಳ್ತದ. ಮಾಹಿತಿ ಹಕ್ಕು ಕಾಯ್ದೆ, 2005, ಕಲಂ 6(2): ಅರ್ಜಿದಾರ ಯಾಕ ಕೇಳ್ತಾನ ಅಂತ ಕಾರಣ ಹೇಳಬೇಕಾಗಿಲ್ಲ. ಸಂಪರ್ಕಕ್ಕ ಬೇಕಾದಷ್ಟು ಬಿಟ್ರ ಬ್ಯಾರೆ ಯಾವ ವೈಯಕ್ತಿಕ ವಿವರನೂ ಕೊಡಬೇಕಾಗಿಲ್ಲ. ಹತ್ತು ರೂಪಾಯಿ ಕಟ್ರಿ, ‘ನಮ್ಮ ಓಣಿ ನೀರಿನ ಪರೀಕ್ಷಾ ವರದಿ ಕೊಡ್ರಿ’ ಅಂತ ಬರೀರಿ, 30 ದಿನದಾಗ ಉತ್ತರ ಬರಬೇಕು. ಕೇಳೋನು ಯಾವ ಸಾಲಿ ಕಲ್ತಾನ, ಯಾರ ಮಗ, ಏನು ತಿಂತಾನ, ಇದ್ಯಾವುದೂ ಅವರಿಗೆ ಬೇಕಿಲ್ಲ. ನಾಗರಿಕ ಅಂದ್ರ ಸಾಕು. ಇದು ನನಗ ಭಾಳ ದೊಡ್ಡ ಮಾತು ಅನಿಸ್ತದ.

ಹಿರೇಹಳ್ಳ (ಕೊಪ್ಪಳ)
ಒಂದು ಮಾತು ಸೇರಿಸ್ತೀನಿ. 2019ರಾಗ ಗವಿಮಠದ ಸ್ವಾಮೀಜಿ ಹಿರೇಹಳ್ಳ ಸ್ವಚ್ಛ ಮಾಡಾಕ ಇಳಿದಾಗ ಸಾವಿರಾರು ಮಂದಿ ಬಂದ್ರು. ಜಾಲಿ ಕಡಿಯೋವಾಗ ಯಾರೂ ಯಾರ ಪರಿಚಯಾನೂ ಕೇಳಲಿಲ್ಲ. ಪರಿಚಯ ಕೆಲಸದಾಗ ಆತು, ಕೆಲಸಕ್ಕಿಂತ ಮೊದಲಲ್ಲ.

ಹಂಗಂತ ಸ್ವಂತ ಮಾತು ಬ್ಯಾಡ ಅನ್ನಂಗಿಲ್ಲ ನಾನು. 2025ರ ಫೆಬ್ರವರಿ 24ಕ್ಕ ಉಕ್ಕಿನ ಕಾರ್ಖಾನೆ ವಿಸ್ತರಣೆ ಬ್ಯಾಡ ಅಂತ ಕೊಪ್ಪಳ ಬಂದ್ ಆತಲ್ಲ, ಅದಕ್ಕ ಮೊದಲು ನಮ್ಮವ್ರು ಹಂಚಿಕೊಂಡಿದ್ದು ಏನು? ಮಾಳಿಗಿ ಮ್ಯಾಲಿನ ಕರಿ ಬೂದಿ, ಒಣಗಾಕ ಹಾಕಿದ ಅರಬಿ ಕಪ್ಪಾಗಿದ್ದು, ಕೂಸಿನ ಕೆಮ್ಮು. ಅದೂ ಮನಿ ಸುದ್ದೀನ. ಆದ್ರ ಅದು ಸಾಕ್ಷಿ. ಮಂಡಾಳ ಒಗ್ಗರಣಿ ಸಾಕ್ಷಿ ಅಲ್ಲ. ತನ್ನ ಬಗ್ಗೆ ಬರಿಯೋದು ಊರ ಸಮಸ್ಯೆಗೆ ಹತ್ತುತೈತೋ ಇಲ್ಲೋ, ಅಷ್ಟು ನೋಡ್ರಿ ಸಾಕು.

ಎಡದಂಡೆ ಕೊನೇಭಾಗ
ಹಿರೇಹಳ್ಳದವ್ರು ನನ್ನ ಮಾತ ಚಲೋ ಹೇಳಿದ್ರು.

ಮಾವಿನಕೆರೆ ದಂಡಿ
ಪೂರ್ತಿ ನಿಮ್ಮ ಮಾತಲ್ಲ ಅಣ್ಣಾರ, ನೀವು ಸ್ವಂತ ಸುದ್ದಿ ಒಂದೂ ಬ್ಯಾಡ ಅಂದ್ರಿ. ಏಮ್ಸ್ ಬೇಕು ಅಂತ 2022ರ ಮೇದಿಂದ ರಾಯಚೂರಿನಾಗ ವರ್ಷಗಟ್ಟಲೆ ಧರಣಿ ಕುಂತ್ರು. ಅಷ್ಟು ದಿನ ಒಂದು ಟೆಂಟಿನ್ಯಾಗ ಕೂಡಬೇಕಂದ್ರ ಬರೇ ಬೇಡಿಕಿ ಸಾಕಾಗಂಗಿಲ್ಲ, ಪಕ್ಕದಾಗ ಕುಂತವ್ರ ಸುಖದುಃಖ ಗೊತ್ತಿರಬೇಕು. ನಾಷ್ಟಾದ ಮಾತು ನಾ ತಗಸಂಗಿಲ್ಲ. ಉಳಿದ ನಾಲ್ಕು ತಗದು ಹೊಸಾದು ಹಾಕ್ತೀನಿ: ಓಣಿಯಾಗ ಯಾವ ಕಡೆ ಮನಿ, ನಳಕ್ಕ ನೀರು ಯಾವ ಹೊತ್ತಿಗೆ ಬರ್ತದ, ಮನ್ಯಾಗ ಯಾರಿಗಾದ್ರೂ ನೀರಿನಿಂದ ಆರಾಮ ತಪ್ಪಿತ್ತೇನು, ಮೀಟಿಂಗಿಗೆ ಯಾವ ಹೊತ್ತು ಬರಲಿಕ್ಕಾಗ್ತದ.

ಗಂಗಾವತಿ ಟೀಚರ್
ಆರಾಮ ತಪ್ಪಿದ್ದನ್ನು ಹೆಸರು ಹಾಕಿ ಗ್ರೂಪಲ್ಲಿ ಬರೆಸಬೇಡಿ ಸರ್, ರೋಗದ ವಿಷಯ. ಓಣಿಗೆ ಎಷ್ಟು ಮನೆ ಅಂತ ಲೆಕ್ಕ ಮಾತ್ರ ಹಾಕಿ. ಹೆಸರು ಬೇಕಾದರೆ ಓಣಿಯ ಒಬ್ಬ ಹೆಣ್ಣುಮಗಳು ಮನೆಮನೆಗೆ ಹೋಗಿ ಕೇಳಲಿ, ಅವರ ಹತ್ತಿರವೇ ಇರಲಿ.

ಕೋಟೆ ಕೆಳಗಿನ ಹುಡುಗ
ಹಳೇ ಪಟ್ಟಿ ಅಳಿಸೋದಾದ್ರೆ ಇವತ್ತೇ ಅಳಿಸಿರಣ್ಣ. ಸುಮಾರು ಎರಡೂವರೆ ದಿನ ದಾಟಿದ್ರೆ ‘ಎಲ್ಲರಿಗೂ ಅಳಿಸು’ ಅನ್ನೋದು ಬರಲ್ಲ. ಆಮೇಲೆ ಒಬ್ಬೊಬ್ಬರ ಫೋನಿಂದ ಅವರವರೇ ತೆಗೀಬೇಕು, ಅದಕ್ಕೆ ಓಣಿಯಲ್ಲಿ ಮನೆಮನೆಗೆ ಹೋಗಿ ಹೇಳಬೇಕಾಗುತ್ತೆ.

ಮಾವಿನಕೆರೆ ದಂಡಿ
ಕೆಲವು ಆಗ್ಲೇ ದಾಟ್ಯಾವ. ಸಂಜಿಗೆ ನಾನೂ ಆ ಹುಡುಗೀನೂ ಹೋಗ್ತೀವಿ. ಬಿಟ್ಟು ಹೋದ ಇಬ್ಬರು ಹಿರಿಯರ ಮನಿಗೂ.