ಡಯಟ್ ಮಾಡುತ್ತಾ ಸೈಡರ್ ಕುಡಿಯಬಹುದಾ? ಅನುಭವ ಇದ್ದವರು ಹೇಳಿ

ದಾವಣಗೆರೆ_ಟಾಂಟನ್

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನ ಸಾಮರ್ಸೆಟ್‌ನಲ್ಲಿ, ಟಾಂಟನ್‌ನಲ್ಲಿದ್ದೇನೆ. ವಯಸ್ಸು 37, ಎತ್ತರ 162 ಸೆಂಟಿಮೀಟರ್, ತೂಕ 78 ಕೆಜಿ. ಜನವರಿಯಿಂದ ದಿನಕ್ಕೆ 1,500 ಕ್ಯಾಲರಿ ಡಯಟ್. ಮಧ್ಯಾಹ್ನ ಒಂದು ಹೊತ್ತು ಅನ್ನ, ರಾತ್ರಿ ರಾಗಿ ರೊಟ್ಟಿ. 5 ಕೆಜಿ ಇಳಿದಿದೆ. ಶುಕ್ರವಾರ ಸಂಜೆ ಆಫೀಸಿನವರ ಜೊತೆ ಪಬ್‌ಗೆ ಹೋಗುತ್ತೇನೆ. ಬಿಯರ್ ನನಗೆ ಆಗಲ್ಲ, ಹೊಟ್ಟೆ ಉಬ್ಬುತ್ತೆ. ಇಲ್ಲಿ ಸುತ್ತ ಎಲ್ಲ ಸೇಬಿನ ತೋಟ, ಸೈಡರ್, ಅಂದರೆ ಸೇಬಿನ ರಸ ಹುಳಿ ಬರಿಸಿ ಮಾಡುವ ಮದ್ಯ, ನನಗೆ ನಿಜವಾಗಿ ಇಷ್ಟ. ಸೇಬಿನದ್ದು ತಾನೇ, ಮೈಗೆ ಒಳ್ಳೆಯದು ಅಂತ ಇಲ್ಲಿನವರು ಹೇಳುತ್ತಾರೆ. ವಾರಕ್ಕೆ 2 ಪಿಂಟ್ ಇಟ್ಟುಕೊಂಡೇ ತೂಕ ಇಳಿಸಿದವರು ಯಾರಾದ್ರೂ ಇದ್ದೀರಾ? ಪೂರ್ತಿ ಬಿಡಲೇಬೇಕಾ? ಯಾವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿಲ್ಲ.

ಶಿರಸಿ_ರೆಡಿಂಗ್

ಲೆಕ್ಕ ಬರೆಯದೆ ಕುಡಿದರೆ ಏನಾಗುತ್ತೆ ಅಂತ ನಾನು ಹೇಳುತ್ತೇನೆ. ಹೋದ ವರ್ಷ 98 ಕೆಜಿಯಿಂದ 91.4ಕ್ಕೆ ಇಳಿದೆ. ಅಲ್ಲಿಗೆ ನಿಂತಿತು. 7 ವಾರ ಅದೇ 91.4. ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗಿ ಬಂದು ತೂಕ ನೋಡುವುದು, 91.4. ಬ್ಯಾಟರಿ ಬದಲಿಸಿದೆ. ಹೊಸ ತೂಕದ ಯಂತ್ರ ಕೊಂಡೆ, 24 ಪೌಂಡ್. ಅದರಲ್ಲೂ ಅದೇ.

ಊಟದ ಒಂದೊಂದು ತುತ್ತನ್ನೂ ಫೋನಿನಲ್ಲಿ ಬರೆಯುತ್ತಿದ್ದೆ. ದೋಸೆಗೆ ಹಾಕಿದ ಎಣ್ಣೆಯನ್ನೂ ಚಮಚದಲ್ಲಿ ಅಳೆದು ಬರೆದಿದ್ದೇನೆ. ಸೈಡರ್ ಮಾತ್ರ ಬರೆದಿರಲಿಲ್ಲ. ಕುಡಿಯುವುದು ಊಟ ಅಲ್ಲ ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. ಶುಕ್ರವಾರ 3 ಪಿಂಟ್, ಶನಿವಾರ 2. ಒಂದು ಪಿಂಟ್ ಅಂದರೆ 568 ಎಂಎಲ್, ಹತ್ತಿರ ಹತ್ತಿರ 210 ಕ್ಯಾಲರಿ. ವಾರಕ್ಕೆ 1,050. ಏಳು ವಾರಕ್ಕೆ 7,350. ಒಂದು ಕೆಜಿ ಕೊಬ್ಬು ಹೆಚ್ಚುಕಡಿಮೆ ಅಷ್ಟೇ ಅಲ್ವಾ! ದುಡ್ಡಿನ ಲೆಕ್ಕ ಬೇರೆ. ಪಿಂಟ್‌ಗೆ 5.60 ಪೌಂಡ್, ವಾರಕ್ಕೆ 28, ಏಳು ವಾರಕ್ಕೆ 196 ಪೌಂಡ್. ಇದರಲ್ಲಿ ಚಿಪ್ಸ್ ಸೇರಿಸಿಲ್ಲ. ರಾತ್ರಿ 10 ಗಂಟೆಗೆ ಪಬ್‌ನಿಂದ ಹೊರಗೆ ಬಂದಾಗ ಆಗುವ ಹಸಿವು ಸಾಮಾನ್ಯದ್ದಲ್ಲ. ನಿಜ ಹೇಳಬೇಕೆಂದರೆ ಸೈಡರ್‌ಗಿಂತ ಆ ಚಿಪ್ಸ್ ನನಗೆ ಜಾಸ್ತಿ ಹಾನಿ ಮಾಡಿತು.

ಆಮೇಲೆ ಹಣ್ಣಿನ ಸೈಡರ್ ಹಗುರ ಇರಬಹುದು ಅಂತ ಸ್ಟ್ರಾಬೆರಿಯದ್ದಕ್ಕೆ ಬದಲಾಯಿಸಿದೆ. ಬಾಟಲಿ ತಿರುಗಿಸಿ ನೋಡಿದರೆ ಸಕ್ಕರೆ ಎಷ್ಟು ಅಂತ ಬರೆದೇ ಇಲ್ಲ. ಇಲ್ಲಿ ಶೇ 1.2ಕ್ಕಿಂತ ಜಾಸ್ತಿ ಆಲ್ಕೋಹಾಲ್ ಇದ್ದರೆ ಕ್ಯಾಲರಿ, ಸಕ್ಕರೆ ಬರೆಯುವುದು ಕಡ್ಡಾಯ ಅಲ್ಲ. ಬಿಸ್ಕತ್ ಪೊಟ್ಟಣದ ಮೇಲೆ ಎಲ್ಲ ಇರುತ್ತೆ, ಇದರ ಮೇಲೆ ಇರಲ್ಲ. ಕಂಪನಿಗೆ ಮೇಲ್ ಬರೆದು 11 ದಿನ ಕಾದು ಉತ್ತರ ತರಿಸಿಕೊಂಡೆ. 500 ಎಂಎಲ್ ಬಾಟಲಿಗೆ 45 ಗ್ರಾಂ ಸಕ್ಕರೆ. ಇಲ್ಲಿನ ಸರ್ಕಾರ ದೊಡ್ಡವರಿಗೆ ಹೇಳುವುದು ಇಡೀ ದಿನಕ್ಕೆ 30 ಗ್ರಾಂ. ಅವತ್ತೇ ಬಿಟ್ಟೆ. ಈಗ 86 ಇದ್ದೇನೆ.

ಹಾಸನ_ಹೆರೆಫರ್ಡ್

ಅಂಗಡಿಯ ಸಿಹಿ ನೀರು ಕುಡಿದು ಸೈಡರ್ ಕೆಟ್ಟದ್ದು ಅನ್ನಬೇಡಿ ಶಿರಸಿಯವರೇ. ಇಲ್ಲಿನ ನಿಯಮದ ಪ್ರಕಾರ ಶೇ 35ರಷ್ಟು ಸೇಬಿನ ರಸ ಇದ್ದರೆ ಸಾಕು, ಸೈಡರ್ ಅಂತ ಮಾರಬಹುದು. ಉಳಿದದ್ದು ನೀರು, ಸಕ್ಕರೆ ಪಾಕ. ಅದನ್ನು ನಾನು ಸೈಡರ್ ಅಂತ ಒಪ್ಪುವುದಿಲ್ಲ.

ನಾನು 2021ರಿಂದ ಮನೆಯಲ್ಲೇ ಮಾಡುತ್ತಿದ್ದೇನೆ. ಪಕ್ಕದ ತೋಟದ ಅಜ್ಜ ಡ್ಯಾಬಿನೆಟ್ ಮತ್ತು ಕಿಂಗ್‌ಸ್ಟನ್ ಬ್ಲ್ಯಾಕ್ ಸೇಬು ಕೊಡುತ್ತಾರೆ. ಇವು ಹಾಗೇ ತಿನ್ನುವ ಸೇಬಲ್ಲ, ಕಚ್ಚಿದರೆ ಎಳೆ ಅಡಿಕೆ ಅಗಿದ ಹಾಗೆ ಬಾಯೆಲ್ಲ ಒಗರು. ಆ ಒಗರೇ ಟ್ಯಾನಿನ್. ಆರೋಗ್ಯಕ್ಕೆ ಒಳ್ಳೆಯದು ಅಂತ ಎಲ್ಲರೂ ಪಾಲಿಫೀನಾಲ್ ಹುಡುಕುತ್ತಾರಲ್ಲ, ಅದೇ. ಮೊದಲ ವರ್ಷ ರಸ ಹಿಂಡುವ ಪ್ರೆಸ್‌ಗೆ 189 ಪೌಂಡ್ ಹಾಕಿದೆ, 5 ಡೆಮಿಜಾನ್‌ಗೆ, ಅಂದರೆ ದೊಡ್ಡ ಗಾಜಿನ ಬಾಟಲಿಗೆ, 60 ಪೌಂಡ್. 40 ಕೆಜಿ ಸೇಬು ಅರೆದು ಹಿಂಡಿ ಸುಮಾರು 23 ಲೀಟರ್ ರಸ ಬಂತು. ಆಮೇಲೆ ತಂಗಿಯ ಮದುವೆಗೆ 5 ವಾರ ಹಾಸನಕ್ಕೆ ಹೋದೆ. ಬರುವಷ್ಟರಲ್ಲಿ ಹೊರಗಿನ ಗಾಳಿ ತಡೆಯುವ ಏರ್‌ಲಾಕ್ ಮುಚ್ಚಳದಲ್ಲಿ ನೀರು ಆರಿಹೋಗಿ ಗಾಳಿ ಒಳಗೆ ಹೊಕ್ಕು 23 ಲೀಟರ್ ಪೂರ್ತಿ ವಿನಿಗರ್. ಬಾಗಿಲು ತೆಗೆದ ಕೂಡಲೇ ವಾಸನೆ ಬಂತು, ಗೊತ್ತಾಯಿತು. ಆ ದಿನ ನನಗೆ ಆದ ಸಂಕಟ ಯಾರಿಗೂ ಬೇಡ.

ಎರಡನೇ ವರ್ಷದಿಂದ ಸರಿಯಾಯಿತು. ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.050ರಿಂದ 1.000ಕ್ಕೆ ಬರುವ ತನಕ ಬಿಡುತ್ತೇನೆ. ಸಕ್ಕರೆ ಪೂರ್ತಿ ಹೋಗಿರುತ್ತೆ, ಖಡಕ್ ಡ್ರೈ. ದಿನಾ ರಾತ್ರಿ ಊಟದ ಜೊತೆ ಒಂದು ಗ್ಲಾಸ್. 6 ಕೆಜಿ ಇಳಿದಿದ್ದೇನೆ. ಸಕ್ಕರೆ ಇಲ್ಲ ಅಂದ ಮೇಲೆ ಕ್ಯಾಲರಿ ಎಲ್ಲಿಂದ ಬರಬೇಕು?

ಮೈಸೂರು_ಲೀಡ್ಸ್

ಹಾಸನದ ಸರ್, ತಪ್ಪು ಹೇಳುತ್ತಿದ್ದೀರಿ. ನಾನು ಕೆಮಿಸ್ಟ್ರಿ ಪಾಠ ಮಾಡುವವಳು, ಸುಮ್ನೆ ಬಿಡಲು ಆಗಲ್ಲ.

ಸಕ್ಕರೆ ಎಲ್ಲಿಗೂ ಹೋಗಿಲ್ಲ, ಆಲ್ಕೋಹಾಲ್ ಆಗಿದೆ ಅಷ್ಟೇ. 100 ಗ್ರಾಂ ಸಕ್ಕರೆಯಲ್ಲಿ 400 ಕ್ಯಾಲರಿ. ಯೀಸ್ಟ್ ಅದನ್ನು ತಿಂದು ಸುಮಾರು 51 ಗ್ರಾಂ ಆಲ್ಕೋಹಾಲ್ ಮಾಡುತ್ತೆ, ಉಳಿದದ್ದು ಗುಳ್ಳೆಯಾಗಿ ಗಾಳಿಗೆ. ಆಲ್ಕೋಹಾಲ್‌ಗೆ ಗ್ರಾಂಗೆ 7 ಕ್ಯಾಲರಿ. ಅಂದರೆ 357. ಇಷ್ಟೆಲ್ಲ ತಿಂಗಳುಗಟ್ಟಲೆ ಕಾದು ನೀವು ಕಳೆದದ್ದು ನೂರಕ್ಕೆ ಹತ್ತರಷ್ಟು ಕ್ಯಾಲರಿ. 1.050ರಿಂದ 1.000 ಅಂದರೆ ಶೇ 6.5 ಆಲ್ಕೋಹಾಲ್. ಒಂದು ಪಿಂಟ್‌ಗೆ 29 ಗ್ರಾಂ, 200ರ ಮೇಲೆ ಕ್ಯಾಲರಿ. ಶಿರಸಿಯವರ ಸಿಹಿ ಪಿಂಟ್ ಕೂಡ ಅಷ್ಟೇ ಇದೆ ನೋಡಿ. ಅದರ ಮೇಲೆ, ಆಲ್ಕೋಹಾಲ್ ಅಳೆಯುವ ಇಲ್ಲಿನ ಲೆಕ್ಕದಲ್ಲಿ ಒಂದು ಪಿಂಟ್‌ಗೆ 3.7 ಯೂನಿಟ್. 2016ರಿಂದ ಇಲ್ಲಿನ ವೈದ್ಯಾಧಿಕಾರಿಗಳು ಹೇಳುವುದು ವಾರಕ್ಕೆ 14 ಯೂನಿಟ್ ದಾಟಬೇಡಿ ಅಂತ. ನಿಮ್ಮ ಸೈಡರ್ 4 ಪಿಂಟ್ ಕುಡಿದರೆ ದಾಟಿತು.

ಇಷ್ಟು ಕೋಪ ಯಾಕೆ ಅಂದರೆ, ನಾನೂ ಡ್ರೈ ಒಳ್ಳೆಯದು ಅಂತ ನಂಬಿ ಎರಡು ವರ್ಷ ಕುಡಿದವಳು. ಹೊಟ್ಟೆ ನೋವು ಅಂತ ಸ್ಕ್ಯಾನ್ ಮಾಡಿಸಿದಾಗ ಫ್ಯಾಟಿ ಲಿವರ್ ಅಂದರು. ನನ್ನ ತೂಕ ಆಗ 66, ನೋಡಿದವರು ದಪ್ಪ ಅನ್ನುತ್ತಿರಲಿಲ್ಲ. ನಮ್ಮ ಕಡೆಯವರಿಗೆ ಇಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 23 ದಾಟಿದರೇ ಎಚ್ಚರಿಕೆ ಹೇಳುತ್ತಾರೆ, ಬಿಳಿಯರಿಗೆ 25. ಅದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. 9 ತಿಂಗಳು ಒಂದು ತೊಟ್ಟು ಮುಟ್ಟಲಿಲ್ಲ. ರಕ್ತಪರೀಕ್ಷೆ 4 ಸಲ, ಪ್ರತಿ ಸಲ ಅರ್ಧ ದಿನ ರಜೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಹಾಸನ_ಹೆರೆಫರ್ಡ್

ನಿಮ್ಮ ಲಿವರ್‌ಗೆ ಆದದ್ದಕ್ಕೆ ಬೇಜಾರಾಯಿತು ಮೇಡಂ, ಅದು ಮನಸ್ಸಿನಿಂದ ಹೇಳುತ್ತಿದ್ದೇನೆ. ಆದರೆ ನಾನು ಕುಡಿಯುವುದು ಒಂದು ಗ್ಲಾಸ್, 200 ಎಂಎಲ್, ಪಿಂಟ್ ಅಲ್ಲ. ಇಲ್ಲಿ ಹೊಲದ ಆಳುಗಳಿಗೆ ಕೂಲಿಯ ಒಂದು ಭಾಗವನ್ನು ಸೈಡರ್ ಆಗಿಯೇ ಕೊಡುತ್ತಿದ್ದರು, 1887ರಲ್ಲಿ ಕಾನೂನು ಬಂದು ನಿಲ್ಲಿಸಿತು. ಅದನ್ನು ಕುಡಿದೇ ಅವರು ದಿನವಿಡೀ ಹುಲ್ಲು ಕೊಯ್ದರು. ಅಮೆರಿಕದ ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ ಬೆಳಿಗ್ಗೆ ಎದ್ದು ಸೈಡರ್ ಕುಡಿಯುತ್ತಿದ್ದರು. 90 ವರ್ಷ ಬದುಕಿದರು.

ಮೈಸೂರು_ಲೀಡ್ಸ್

ಒಬ್ಬರು 90 ವರ್ಷ ಬದುಕಿದ್ದು ಸಾಕ್ಷಿ ಆಗಲ್ಲ. ನಿಮಗೆ ಹಳೆಯ ಕಾಲವೇ ಬೇಕಾದರೆ ಇಂಗ್ಲೆಂಡಿನ ಡೆವನ್ ಕಥೆ ಓದಿ. ಅಲ್ಲಿ ಸೈಡರ್ ಕುಡಿದವರಿಗೆ ವರ್ಷಾನುಗಟ್ಟಲೆ ಭಯಂಕರ ಹೊಟ್ಟೆ ನೋವು, ಕೈ ಬಿದ್ದುಹೋಗುವುದು. ಹುಳಿ ಜಾಸ್ತಿ ಅಂತ ಅಂದುಕೊಂಡಿದ್ದರು. 1767ರಲ್ಲಿ ಜಾರ್ಜ್ ಬೇಕರ್ ಅನ್ನುವ ಡಾಕ್ಟರ್ ಅದು ಸೀಸದ ವಿಷ ಅಂತ ತೋರಿಸಿದರು. ರಸ ಹಿಂಡುವ ಒರಳಿನಲ್ಲಿ, ತೊಟ್ಟಿಯಲ್ಲಿ ಸೀಸ ಬಳಸುತ್ತಿದ್ದರು. ಆಗಲೂ ಸೈಡರ್ ಮಾಡುವವರು ಅವರ ಮೇಲೆ ಹರಿಹಾಯ್ದರು, ಈಗ ನೀವು ನನ್ನ ಮೇಲೆ.

ಹಾಸನ_ಹೆರೆಫರ್ಡ್

ನನ್ನ ಪ್ರೆಸ್ ಬೀಚ್ ಮರದ್ದು. ಸೀಸದ ಮಾತು ನನಗೆ ಯಾಕೆ ತಂದಿರಿ? ಇದು ಸರಿಯಲ್ಲ.

ಹುಬ್ಬಳ್ಳಿ_ಬಾಸ್ಟನ್

ಎಲ್ಲರೂ ದಾರು ಬಗ್ಗೆ ಯಾಕೆ ಮಾತಾಡುತ್ತಿದ್ದೀರಿ? ಸೈಡರ್ ಅಂದರೆ ಸೋಸದ ಸೇಬಿನ ರಸ ಅಲ್ವಾ? ನಮ್ಮಲ್ಲಿ ಮಕ್ಕಳಿಗೂ ಕೊಡುತ್ತೇವೆ. ಅಕ್ಟೋಬರ್‌ನಲ್ಲಿ ತೋಟಕ್ಕೆ ಹೋಗಿ ಗ್ಯಾಲನ್ ಡಬ್ಬ ತರುವುದು ನಮ್ಮ ಮನೆಯ ಪದ್ಧತಿ. ನಾನೂ ಆರೋಗ್ಯಕ್ಕೆ ಅಂತ ಬೆಳಿಗ್ಗೆ ಕಾಫಿ ಬಿಟ್ಟು ಅದನ್ನೇ ಕುಡಿದೆ. ಒಂದು ಲೋಟ 240 ಎಂಎಲ್, 28 ಗ್ರಾಂ ಸಕ್ಕರೆ. ದಿನಕ್ಕೆ ಎರಡು ಲೋಟ, ಮೂರು ತಿಂಗಳು. ಎಚ್‌ಬಿಎ1ಸಿ, ಅಂದರೆ ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ, 5.6 ಇದ್ದದ್ದು 6.1 ಆಯಿತು. ಡಾಕ್ಟರ್ ಏನು ಬದಲಾಯಿಸಿದಿರಿ ಅಂತ ಕೇಳಿದರು, ಏನೂ ಇಲ್ಲ ಸೈಡರ್ ಅಷ್ಟೇ ಅಂದೆ. ಇಡೀ ಸೇಬು ಜಗಿದು ತಿನ್ನಿ, ನಾರು ಇರುತ್ತೆ, ಒಂದಕ್ಕೇ ಹೊಟ್ಟೆ ತುಂಬುತ್ತೆ. ಆ ಲೋಟಕ್ಕೆ ಮೂರು ಸೇಬು ಹೋಗಿರುತ್ತೆ, ಒಂದು ನಿಮಿಷದಲ್ಲಿ ಒಳಗೆ.

ಶಿರಸಿ_ರೆಡಿಂಗ್

ಅಣ್ಣಾ, ಅಮೆರಿಕದ ಸೈಡರ್ ಬೇರೆ, ಇಲ್ಲಿಯದು ಬೇರೆ. ನಿಮ್ಮದು ಹುಳಿ ಬರದ ನೀರಾ, ನಮ್ಮದು ಹುಳಿ ಬಂದ ಕಳ್ಳು ಅಂದುಕೊಳ್ಳಿ. ಅಕ್ಕ ಕೇಳಿದ್ದು ಪಬ್‌ನದ್ದು.

ಮೂಡಬಿದಿರೆ_ಕಾರ್ಡಿಫ್

ಕಳ್ಳಿನ ಹೆಸರು ಹಾಗೆ ಎಳೆಯಬೇಡಿ ಮಾರಾಯ್ರೇ. ನನ್ನ ಅಜ್ಜ ಮೂರ್ತೆದಾರರು. ಬೆಳಕು ಹರಿಯುವ ಮುಂಚೆ ಮರ ಹತ್ತಿ ಇಳಿಸುತ್ತಿದ್ದರು. ಮಡಕೆಗೆ ಸುಣ್ಣ ಬಳಿದರೆ ನೀರಾ ಹಾಗೇ ಉಳಿಯುತ್ತದೆ, ಬಳಿಯದಿದ್ದರೆ ಮಧ್ಯಾಹ್ನಕ್ಕೆ ಕಳ್ಳು. ಅದಕ್ಕೆ ಯೀಸ್ಟ್ ಪೊಟ್ಟಣ ಬೇಡ, ಸಕ್ಕರೆ ಪಾಕ ಬೇಡ, ಆರು ತಿಂಗಳು ಕಾಯುವುದೂ ಬೇಡ. ಈ ಬಾಟಲಿಯ ಸಿಹಿ ನೀರಿಗೆ ಅದನ್ನು ಹೋಲಿಸುವುದಾ? ಅಜ್ಜ ದಿನಕ್ಕೆ 30 ಮರ ಹತ್ತಿದವರು, ಒಂದು ದಿನ ಹೊಟ್ಟೆ ಬಂದದ್ದು ನಾನು ನೋಡಿಲ್ಲ.

ಶಿರಸಿ_ರೆಡಿಂಗ್

30 ಮರ ಹತ್ತಿದವರಿಗೆ ಹೊಟ್ಟೆ ಎಲ್ಲಿಂದ ಬರಬೇಕು? ನಾನು ನಿಮ್ಮ ಅಜ್ಜನಿಗೆ ಏನೂ ಅಂದಿಲ್ಲ.

ತುಮಕೂರು_ಕ್ರಾಯ್ಡನ್

ನನ್ನದು ಬೇರೆ ವಿಷಯ, ದಯವಿಟ್ಟು ಸಕ್ಕರೆ ಕಾಯಿಲೆ ಇರುವವರು ಓದಿ. ನಾನು ರಕ್ತದ ಸಕ್ಕರೆ ಇಳಿಸುವ ಗ್ಲಿಕ್ಲಜೈಡ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಡಯಟ್ ಅಂತ ರಾತ್ರಿ ಅನ್ನ, ಚಪಾತಿ ಎರಡೂ ಬಿಟ್ಟಿದ್ದೆ, ಬರೀ ಸೊಪ್ಪಿನ ಪಲ್ಯ. ಅವತ್ತು ಗೆಳೆಯನ ಬರ್ತ್‌ಡೇ, 2 ಪಿಂಟ್ ಸೈಡರ್ ಕುಡಿದೆ. ಸಿಹಿ ಇದೆಯಲ್ಲ, ಸಕ್ಕರೆ ಇಳಿಯಲ್ಲ ಅಂತ ಧೈರ್ಯ. ರಾತ್ರಿ 2 ಗಂಟೆಗೆ ಮೈಯೆಲ್ಲ ಬೆವರು, ಕೈ ನಡುಕ. ಹೆಂಡತಿ ಕುಡಿದದ್ದು ಜಾಸ್ತಿ ಆಯ್ತು ಅಂದುಕೊಂಡು ತಿರುಗಿ ಮಲಗಿದಳು. ನಾನು ಮಾತಾಡಿದ್ದು ಅವಳಿಗೆ ತೊದಲು ಅನಿಸಿತು. ಮಗಳು ಎದ್ದು ಬಂದು ಸಕ್ಕರೆ ನೋಡುವ ಯಂತ್ರ ತಂದು ನೋಡಿದರೆ 3.1, ನಮ್ಮೂರ ಲೆಕ್ಕದಲ್ಲಿ 56. ಬಾಯಿಗೆ ಸಕ್ಕರೆ ನೀರು ಹಾಕಿದಳು. ಆಲ್ಕೋಹಾಲ್ ಒಳಗೆ ಇದ್ದಾಗ ಲಿವರ್ ಅದರ ಕೆಲಸದಲ್ಲೇ ಇರುತ್ತೆ, ರಕ್ತಕ್ಕೆ ಗ್ಲೂಕೋಸ್ ಬಿಡುವುದು ಹಿಂದೆ ಬೀಳುತ್ತೆ. ಕುಡಿದ ಸಿಹಿ ಒಂದೆರಡು ಗಂಟೆಯಲ್ಲಿ ಮುಗಿದುಹೋಗುತ್ತೆ, ಮಾತ್ರೆ ಮಾತ್ರ ಕೆಲಸ ಮಾಡುತ್ತಲೇ ಇರುತ್ತೆ. ಇದನ್ನು ನನಗೆ ಆಮೇಲೆ ನರ್ಸ್ ವಿವರಿಸಿದರು. ಮಗಳಿಗೆ ಆಗ 12 ವರ್ಷ.

ಬಳ್ಳಾರಿ_ಲೆಸ್ಟರ್

ಸೈಡರ್ ಬಿಡಿ, ಸೈಡರ್ ವಿನಿಗರ್ ಕುಡಿಯಿರಿ ಅಂತ ಯಾರಾದ್ರೂ ಇಲ್ಲಿ ಬಂದು ಹೇಳುವ ಮುಂಚೆ ನಾನೇ ಹೇಳುತ್ತೇನೆ, ಬೇಡ. 2024ರಲ್ಲಿ ಲೆಬನಾನ್‌ನ ಒಂದು ಅಧ್ಯಯನ ಬಂತು, 12 ವಾರ ದಿನಾ ಒಂದಿಷ್ಟು ಕುಡಿದವರ ತೂಕ ಇಳಿಯಿತು ಅಂತ. ಪೇಪರ್‌ನಲ್ಲೆಲ್ಲ ಬಂತು. ನಾನು ಮಾರನೇ ದಿನವೇ ಬಾಟಲಿ ತಂದೆ. ಖಾಲಿ ಹೊಟ್ಟೆಯಲ್ಲಿ 2 ಚಮಚ, ನೀರು ಬೆರೆಸದೆ, 5 ತಿಂಗಳು. ಇಳಿದದ್ದು 900 ಗ್ರಾಂ. ಹಲ್ಲಿನ ಎನಾಮಲ್ ಸವೆದು ಎರಡು ಹಲ್ಲಿಗೆ ತಣ್ಣೀರು ತಾಗಿದರೂ ಜುಮ್ ಅನ್ನುತ್ತೆ. ಖಾಸಗಿ ದಂತವೈದ್ಯರಿಗೆ 640 ಪೌಂಡ್ ಕೊಟ್ಟೆ. 2025ರಲ್ಲಿ ಅದನ್ನು ಪ್ರಕಟಿಸಿದ ವೈದ್ಯಕೀಯ ಪತ್ರಿಕೆಯವರೇ ಅಂಕಿಅಂಶ ಸರಿಯಿಲ್ಲ ಅಂತ ಅಧ್ಯಯನ ಹಿಂದಕ್ಕೆ ತೆಗೆದುಕೊಂಡರು. ನನ್ನ ಹಲ್ಲು ಯಾರು ವಾಪಸ್ ಕೊಡುತ್ತಾರೆ?

ಹಾಸನ_ಹೆರೆಫರ್ಡ್

ನೀರು ಬೆರೆಸದೆ ಕುಡಿದದ್ದು ನಿಮ್ಮ ತಪ್ಪು. ನನ್ನ ಮೊದಲ ವರ್ಷದ ವಿನಿಗರ್ ಇನ್ನೂ 9 ಲೀಟರ್ ಇದೆ, ಸೌತೆಕಾಯಿ ಕೋಸಂಬರಿಗೆ ನಿಂಬೆಯ ಬದಲು ಹಾಕುತ್ತೇವೆ. ಯಾರ ಹಲ್ಲಿಗೂ ಏನೂ ಆಗಿಲ್ಲ.

ಬಳ್ಳಾರಿ_ಲೆಸ್ಟರ್

ತಪ್ಪು ಅಂತ ನನಗೂ ಗೊತ್ತು ಅಣ್ಣ. 640 ಪೌಂಡ್ ಕೊಟ್ಟ ಮೇಲೆ ನೀವು ಹೇಳಬೇಕಾಗಿಲ್ಲ.

ದಾವಣಗೆರೆ_ಟಾಂಟನ್

ಎಲ್ಲರಿಗೂ ಥ್ಯಾಂಕ್ಸ್. ತುಮಕೂರಿನವರ ಮಗಳ ಬಗ್ಗೆ ಓದಿ ಮನಸ್ಸು ಒಂಥರಾ ಆಯ್ತು. ನನಗೆ ತಿಳಿದದ್ದು, ಆರೋಗ್ಯಕ್ಕೆ ಅಂತ ಹೇಳಿಕೊಂಡು ಕುಡಿಯೋದು ಬೇಡ, ಇಷ್ಟ ಅಂತ ಕುಡಿದರೆ ಲೆಕ್ಕ ಬರೆದು ಕುಡಿಯಬೇಕು. ಈ ಶುಕ್ರವಾರ ಹಾಫ್ ಪಿಂಟ್ ತೆಗೆದುಕೊಳ್ಳುತ್ತೇನೆ, 284 ಎಂಎಲ್. ಹೋಗುವ ಮುಂಚೆ ಮನೆಯಲ್ಲಿ ರೊಟ್ಟಿ ತಿಂದು ಹೋಗುತ್ತೇನೆ, ಚಿಪ್ಸ್ ಕಡೆ ತಲೆ ಹೋಗಬಾರದು. ಆಲ್ಕೋಹಾಲ್ ಇಲ್ಲದ ಸೈಡರ್ ಹೇಗೆ?

ಮೈಸೂರು_ಲೀಡ್ಸ್

ಅದರ ಬಾಟಲಿ ತಿರುಗಿಸಿ ನೋಡಿ, ಅದರ ಮೇಲೆ ಸಕ್ಕರೆ ಬರೆದೇ ಇರುತ್ತಾರೆ. ನಾನು ನೋಡಿದ್ದರಲ್ಲಿ 100 ಎಂಎಲ್‌ಗೆ 5 ಗ್ರಾಂ ಇತ್ತು. ಒಂದು ಬಾಟಲಿಗೆ 25. ಲಿವರ್‌ಗೆ ಒಳ್ಳೆಯದು, ತೂಕಕ್ಕೆ ಅಲ್ಲ. ಹಾಫ್ ಪಿಂಟ್ ತೆಗೆದುಕೊಂಡರೆ 105 ಕ್ಯಾಲರಿ ಅಂತ ಬರೆದುಕೊಳ್ಳಿ.

ಹಾಸನ_ಹೆರೆಫರ್ಡ್

ಡ್ರೈ ಕೇಳಿ ತಂಗಿ. ತೋಟದವರೇ ಮಾಡಿದ್ದು ನಿಮ್ಮ ಕಡೆ ಬೇಕಾದಷ್ಟು ಸಿಗುತ್ತೆ.

ಮೈಸೂರು_ಲೀಡ್ಸ್

ಡ್ರೈ ಆದರೂ 105 ಅಂತಲೇ ಬರೆದುಕೊಳ್ಳಿ.

ಮೂಡಬಿದಿರೆ_ಕಾರ್ಡಿಫ್

ಶಿರಸಿಯವರು ಕಳ್ಳಿನ ಮಾತು ವಾಪಸ್ ತೆಗೆದುಕೊಂಡಿಲ್ಲ ಇನ್ನೂ.